ರಜೆಗೆ ಹಡಗೋ, ಉದ್ಯಾನವೋ? ಮಿರ್ಜಾ ಇಸ್ಮಾಯಿಲ್ ಕಟ್ಟಿಕೊಟ್ಟ ಉತ್ತರ

ಕೊಣನೂರು: ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಚರ್ಚೆ. ಈ ಬಾರಿ ಎಲ್ಲಿಗೆ ಹೋಗುವುದು? ಅರಕಲಗೂಡು ತಾಲ್ಲೂಕಿನ ಈ ಕಾವೇರಿ ತೀರದ ಊರಿನಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ದರ್ಶನ, ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವ ಹೊಳೆ, ಇಲ್ಲವೇ ಅಜ್ಜಿಯ ಮನೆ. ಇಂದು ಆಯ್ಕೆಗಳು ಹೆಚ್ಚಿವೆ. ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳತ್ತ ಸಾಗುವ ವಿಹಾರ ನೌಕೆಗಳ ಜಾಹೀರಾತು ಅಂಗೈಯಲ್ಲಿನ ಮೊಬೈಲ್‌ಗೇ ಬಂದು ಬೀಳುತ್ತದೆ. ಇತ್ತ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ನಂಥ ಮನರಂಜನಾ ತಾಣಗಳು ಮಕ್ಕಳನ್ನು ಕೈಬೀಸಿ ಕರೆಯುತ್ತವೆ. ಅಪ್ಪನಿಗೆ ಒಮ್ಮೆಯಾದರೂ ಸಮುದ್ರಯಾನ ಮಾಡುವ ಆಸೆ. ಮಕ್ಕಳಿಗೆ ನೀರಿನ ಜಾರುಬಂಡೆಯ ಹಂಬಲ. ಅಜ್ಜಿಯ ಮಂಡಿನೋವಿಗೆ ಎರಡೂ ಒಗ್ಗುವುದಿಲ್ಲ. ಖರ್ಚಿನ ಲೆಕ್ಕ ಹಾಕುವ ಅಮ್ಮನ ಮುಖದಲ್ಲಿ ಚಿಂತೆಯ ಗೆರೆ.

ಈ ಚರ್ಚೆ ಹೊಸದೇನಲ್ಲ. ಕೊಣನೂರಿನ ತೂಗುಸೇತುವೆಯ ಕೆಳಗೆ ಹರಿಯುವ ಕಾವೇರಿ ರಾಮನಾಥಪುರ, ಚುಂಚನಕಟ್ಟೆಗಳನ್ನು ದಾಟಿ ಕನ್ನಂಬಾಡಿಯ ಕೃಷ್ಣರಾಜಸಾಗರವನ್ನು ಸೇರುತ್ತಾಳೆ. ಅಲ್ಲಿ ಅಣೆಕಟ್ಟೆಯ ಬುಡದಲ್ಲಿ ಅದೇ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಸಮುದ್ರಯಾನವು ಬೆರಳೆಣಿಕೆಯ ಸಿರಿವಂತರ ಸ್ವತ್ತಾಗಿದ್ದ ಕಾಲದಲ್ಲಿ, ಸಾಮಾನ್ಯ ಸಂಸಾರವೊಂದು ಮಕ್ಕಳುಮರಿಗಳೊಡನೆ ಹೋಗಿ ಒಂದು ಸಂಜೆಯನ್ನು ಬೆರಗಿನಿಂದ ಕಳೆದು ಬರುವಂಥ ಆ ತೋಟವನ್ನು ರೂಪಿಸಿದವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಹಡಗೋ, ಉದ್ಯಾನವೋ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲೇ ಒಂದು ಉತ್ತರ ಅಡಗಿದೆ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಅವರ ಮನೆತನದ ಕಥೆ ಆರಂಭವಾಗುವುದೇ ದೂರಪ್ರಯಾಣದಿಂದ. ಅವರ ತಾತ ಆಗಾ ಅಲಿ ಆಸ್ಕರ್ ಪರ್ಷಿಯಾ ದೇಶದ ಶಿರಾಜ್‌ನವರು. 1824ರಲ್ಲಿ ಕುದುರೆಗಳೊಡನೆ ಬೆಂಗಳೂರಿಗೆ ಬಂದು ನೆಲೆನಿಂತರು. ಮೈಸೂರು ಅರಮನೆಗೂ ಬ್ರಿಟಿಷ್ ಅಧಿಕಾರಿಗಳಿಗೂ ಬೇಕಾದವರಾದರು. ಬೆಂಗಳೂರಿನ ಅಲಿ ಆಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ ಅವರಿಗೆ ಬಾಲ್ಯದಲ್ಲೇ ಅಪರೂಪದ ಅವಕಾಶವೊಂದು ಒದಗಿತು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆಯಲ್ಲಿ ಓದಲು ಆಯ್ದ ಕೆಲವೇ ಹುಡುಗರಲ್ಲಿ ಅವರೂ ಒಬ್ಬರಾದರು. ಇಂಗ್ಲಿಷ್ ಅಧಿಕಾರಿ ಸ್ಟುವರ್ಟ್ ಫ್ರೇಸರ್ ಗುರುಗಳಾಗಿದ್ದರು. ಒಂದೇ ಬೆಂಚಿನ ಆ ಸ್ನೇಹ ನಾಲ್ಕು ದಶಕಗಳಿಗೂ ಮೀರಿ ಬಾಳಿತು. ಒಬ್ಬರು ಹಿಂದೂ ಅರಸರು, ಇನ್ನೊಬ್ಬರು ಮುಸ್ಲಿಂ ಮನೆತನದವರು. ಆದರೆ ಅವರ ನಡುವಿನ ನಂಬಿಕೆಗೆ ಧರ್ಮ ಅಡ್ಡಬರಲಿಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಪದವಿ ಪಡೆದ ಮಿರ್ಜಾ, ಪೊಲೀಸ್ ಇಲಾಖೆಯಲ್ಲಿ ಕೆಲಸ ಆರಂಭಿಸಿದರು. ಸ್ವಲ್ಪ ಕಾಲದಲ್ಲೇ ಮಹಾರಾಜರ ಕಾರ್ಯಾಲಯ ಅವರನ್ನು ಕರೆಸಿಕೊಂಡಿತು. ಹಂತಹಂತವಾಗಿ ಮೇಲೇರಿ ಮಹಾರಾಜರ ಆಪ್ತ ಕಾರ್ಯದರ್ಶಿಯಾದರು. 1926ರಲ್ಲಿ ಮೈಸೂರು ಸಂಸ್ಥಾನದ ದಿವಾನ ಪದವಿಗೇರಿದಾಗ ಅವರಿಗೆ 43 ವರ್ಷವೂ ತುಂಬಿರಲಿಲ್ಲ.

ಅಣೆಕಟ್ಟೆಯ ಬುಡದಲ್ಲೊಂದು ಕನಸು

ಮಿರ್ಜಾ ದಿವಾನರಾದಾಗ ಕೃಷ್ಣರಾಜಸಾಗರದ ಕಾಮಗಾರಿ ಇನ್ನೂ ಮುಗಿದಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಆರಂಭವಾದ ಕೆಲಸವದು. ಶಿವನಸಮುದ್ರದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದು, ಮಂಡ್ಯ ಸೀಮೆಯ ಒಣ ಹೊಲಗಳಿಗೆ ನೀರುಣಿಸುವುದು ಅದರ ಉದ್ದೇಶವಾಗಿತ್ತು. ಈ ಜಲಾಶಯಕ್ಕಾಗಿ ಹಳೆಯ ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ಮುಳುಗಿದವು. ಹೊಲಮನೆ ಬಿಟ್ಟು ಎದ್ದುಹೋದ ರೈತ ಕುಟುಂಬಗಳ ತ್ಯಾಗದ ಮೇಲೆ ಆ ಸಾಗರ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ.

ದೊಡ್ಡ ಅಣೆಕಟ್ಟೆ ಕಟ್ಟಿ ಮುಗಿಸಿದ ಸ್ಥಳ ಹೇಗಿರುತ್ತದೆ ಎಂಬುದು ನೋಡಿದವರಿಗೆ ಗೊತ್ತು. ಅಗೆದ ಹಳ್ಳಗಳು, ಒಡೆದ ಕಲ್ಲಿನ ರಾಶಿ, ತುಕ್ಕು ಹಿಡಿದ ಯಂತ್ರಗಳು. ಆ ಬರಡು ನೆಲದಲ್ಲಿ ಮಿರ್ಜಾ ಒಂದು ಉದ್ಯಾನವನ್ನು ಕಂಡರು. ಕಾಶ್ಮೀರದ ಶಾಲಿಮಾರ್ ತೋಟದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಹಾಸು, ನಡುವೆ ಹರಿಯುವ ನೀರು, ಇಕ್ಕೆಲಗಳಲ್ಲಿ ಕಾರಂಜಿ. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಪೂರ್ಣಗೊಂಡಿತು. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕೃಂಬಿಗಲ್ ಅವರು ತೋಟದ ವಿನ್ಯಾಸಕ್ಕೆ ರೂಪ ಕೊಟ್ಟರು. ಸುಮಾರು 60 ಎಕರೆಯಲ್ಲಿ ಹಬ್ಬಿದ ಆ ತೋಟವೇ ಬೃಂದಾವನ.

ಇದರ ಹಿಂದಿನ ಯುಕ್ತಿ ಸರಳವಾಗಿತ್ತು. ಕಟ್ಟೆಯ ಹಿಂದೆ ಎತ್ತರದಲ್ಲಿ ನಿಂತ ನೀರಿಗೆ ಕೆಳಗೆ ನುಗ್ಗುವ ಸಹಜ ಒತ್ತಡವಿರುತ್ತದೆ. ತೋಟ ಇರುವುದು ಕಟ್ಟೆಯ ಕೆಳಗೆ. ಆ ಒತ್ತಡವೇ ಕಾರಂಜಿಗಳಿಗೆ ಬಲ ಕೊಟ್ಟಿತು. 1902ರಿಂದಲೇ ಕಾವೇರಿಯಿಂದ ವಿದ್ಯುತ್ ಪಡೆಯುತ್ತಿದ್ದ ಸಂಸ್ಥಾನದಲ್ಲಿ ದೀಪಗಳಿಗೂ ಕೊರತೆಯಿರಲಿಲ್ಲ. ನೀರು ಕಾವೇರಿಯದು, ಬೆಳಕೂ ಕಾವೇರಿಯದು. ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯ ಮಂದ ಬೆಳಕನ್ನಷ್ಟೇ ಕಂಡಿದ್ದ ಹಳ್ಳಿಯ ಮಗುವಿಗೆ, ಬಣ್ಣಬಣ್ಣದ ದೀಪಗಳಲ್ಲಿ ಕುಣಿಯುವ ನೀರು ಎಂಥ ಬೆರಗು ಹುಟ್ಟಿಸಿರಬೇಡ!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿ ತಮ್ಮ ಡಿಸ್ನಿಲ್ಯಾಂಡ್‌ನ ಬಾಗಿಲು ತೆರೆದದ್ದು 1955ರ ಜುಲೈನಲ್ಲಿ. ಅದಕ್ಕೂ 23 ವರ್ಷ ಮೊದಲೇ ಮೈಸೂರು ಸೀಮೆಯ ಸಂಸಾರಗಳಿಗೆ ಹಿರಿಯರು, ಕಿರಿಯರು ಒಟ್ಟಿಗೆ ಕುಳಿತು ನಲಿಯುವ ತಾಣ ದೊರೆತಿತ್ತು. ಅಲ್ಲಿ ತಿರುಗುವ ತೊಟ್ಟಿಲುಗಳಿರಲಿಲ್ಲ. ನೀರು, ಹೂವು ಮತ್ತು ಬೆಳಕು ಇದ್ದವು. ತೋಟದ ಎರಡು ಭಾಗಗಳ ನಡುವೆ ನೀರಿದ್ದು, ಮುಂದೆ ಅಲ್ಲಿ ದೋಣಿ ವಿಹಾರವೂ ಬಂದಿತು. ಕಡಲನ್ನೇ ಕಾಣದ ಒಳನಾಡಿನ ಅದೆಷ್ಟೋ ಮಕ್ಕಳಿಗೆ ಅದೇ ಮೊದಲ ಜಲಯಾನ.

ಹಡಗು ಹತ್ತಿದ ದಿವಾನರು

ಮಿರ್ಜಾ ಹಡಗು ಕಾಣದವರೇನಲ್ಲ. ಭಾರತದ ರಾಜಕೀಯ ಭವಿಷ್ಯವನ್ನು ಚರ್ಚಿಸಲು 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತುಗಳಿಗೆ ಅವರು ಹೋಗಿಬಂದರು. ಬೃಂದಾವನದ ಕೆಲಸ ನಡೆಯುತ್ತಿದ್ದ ವರ್ಷಗಳೇ ಅವು. ಅಂದಿನ ಸಮುದ್ರಯಾನವೆಂದರೆ ವಾರಗಟ್ಟಲೆ ನೀರಿನ ಮೇಲಿನ ವಾಸ. ಮೇಲಿನ ದರ್ಜೆಯವರಿಗೆ ಊಟದ ಮನೆ, ಸಂಗೀತ, ವಿಹಾರಕ್ಕೆ ವಿಶಾಲ ಅಟ್ಟ. ಹೊಟ್ಟೆಪಾಡಿಗೆ ಹೊರಟವರಿಗೆ ಕೆಳಗಿನ ಇಕ್ಕಟ್ಟು. ಹಡಗೆಂಬುದು ತೇಲುವ ಊರು ನಿಜ. ಆದರೆ ಅಲ್ಲಿಯೂ ಮೇಲುಕೇರಿ, ಕೆಳಕೇರಿಗಳಿದ್ದವು.

ಸಮುದ್ರ ದಾಟುವುದು ಹಣದ ಪ್ರಶ್ನೆ ಮಾತ್ರವೂ ಆಗಿರಲಿಲ್ಲ. ಕಡಲು ದಾಟಿದವರಿಗೆ ಜಾತಿಯ ಕಟ್ಟಳೆಗಳು ಎದುರಾಗುತ್ತಿದ್ದ ಕಾಲವದು. ಆಚಾರನಿಷ್ಠರಾಗಿದ್ದ ನಾಲ್ವಡಿಯವರು 1931ರಲ್ಲಿ ಕೈಲಾಸ, ಮಾನಸ ಸರೋವರಗಳ ಕಠಿಣ ಯಾತ್ರೆಯನ್ನು ಕೈಗೊಂಡಿದ್ದರು. ಅವರು ಯುರೋಪಿಗೆ ಪ್ರಯಾಣ ಬೆಳೆಸಿದ್ದು 1936ರಲ್ಲಿ, ಐವತ್ತು ದಾಟಿದ ಮೇಲೆ. ಅರಸರಿಗೇ ಇಷ್ಟು ಕಾಲ ಹಿಡಿದ ಕಡಲ ಪ್ರಯಾಣ ಸಾಮಾನ್ಯ ಸಂಸಾರದ ಎಣಿಕೆಗೆ ಬರುವ ಮಾತೇ ಆಗಿರಲಿಲ್ಲ.

ವಿದೇಶಗಳ ಅಚ್ಚುಕಟ್ಟಾದ ನಗರಗಳನ್ನು ನೋಡಿ ಬಂದ ಅಧಿಕಾರಿಗಳು ಆಗಲೂ ಹಲವರಿದ್ದರು. ಅವರಲ್ಲಿ ಹೆಚ್ಚಿನವರು ಆ ನೆನಪನ್ನು ಬೈಠಕ್‌ಖಾನೆಯ ಮಾತಿಗೆ ಮೀಸಲಿಟ್ಟರು. ಮಿರ್ಜಾ ತಮ್ಮ ಸೌಂದರ್ಯಪ್ರೀತಿಯನ್ನು ನೆಲಕ್ಕಿಳಿಸಿದರು. ಬೆಳಗಿನ ಜಾವ ಕುದುರೆಯೇರಿ ನಗರ ಸುತ್ತುವುದು ಅವರ ವಾಡಿಕೆ. ಬಿದ್ದ ಕಸ, ಕೆಟ್ಟ ರಸ್ತೆ, ಒಣಗಿದ ಗಿಡ ಯಾವುದೂ ಅವರ ಕಣ್ಣಿಗೆ ಮರೆಯಾಗುತ್ತಿರಲಿಲ್ಲ. ಬೆಂಗಳೂರಿನ ಪುರಭವನ 1935ರಲ್ಲಿ ಎದ್ದುನಿಂತದ್ದೂ ಅವರ ಆಡಳಿತದಲ್ಲೇ.

ಬೆಡಗೋ, ಬದುಕೋ?

ಬಡ ಸಂಸ್ಥಾನಕ್ಕೆ ಇಂಥ ಬೆಡಗು ಬೇಕೇ ಎಂಬ ಟೀಕೆಯನ್ನು ಮಿರ್ಜಾ ಎದುರಿಸಬೇಕಾಯಿತು. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. 1929ರ ನಂತರ ಜಗತ್ತನ್ನೇ ಆವರಿಸಿದ ಆರ್ಥಿಕ ಮುಗ್ಗಟ್ಟಿನ ದಿನಗಳವು. ಬೆಳೆದ ಬೆಳೆಗೆ ಬೆಲೆಯಿರಲಿಲ್ಲ. ಕಾರಂಜಿಗೆ ಹರಿಯುವ ನೀರು ಗದ್ದೆಗೆ ಹರಿಯಬಾರದೇ ಎಂದು ಕೇಳುವವರಿಗೆ ಕಾರಣಗಳಿದ್ದವು.

ಆದರೆ ಮಿರ್ಜಾ ಅವರ ಲೆಕ್ಕಪುಸ್ತಕದಲ್ಲಿ ತೋಟವೊಂದೇ ಇರಲಿಲ್ಲ. ಅದೇ ಜಲಾಶಯದಿಂದ ಹೊರಟ ಇರ್ವಿನ್ ನಾಲೆ ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಬಯಲಿಗೆ ಇಳಿಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಕಬ್ಬು ನಳನಳಿಸಿದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿತು. ಮೊದಲು ಅನ್ನ, ಬಳಿಕ ಆನಂದ ಎಂಬ ಸರದಿಗೆ ಅವರು ಕಾಯಲಿಲ್ಲ. ಎರಡನ್ನೂ ಒಂದೇ ಕಟ್ಟೆಯ ನೀರಿನಿಂದ ಪಡೆದರು.

ಅವರ ಆಡಳಿತ ಕಲೆಯಿಲ್ಲದ ಚಂದ್ರನೇನೂ ಅಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಗಣಪತಿ ವಿವಾದ ಗಲಭೆಗೆ ತಿರುಗಿದಾಗ ಅವರು ಕಟು ಟೀಕೆಗೆ ಗುರಿಯಾದರು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ರಚನೆಯಾಯಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಘಟನೆ ಅವರ ಅಧಿಕಾರಾವಧಿಯ ಮೇಲೆ ಅಳಿಸಲಾಗದ ಕಪ್ಪು ಗುರುತಾಗಿ ಉಳಿಯಿತು. ಜನರಿಗೆ ಉದ್ಯಾನ ಕೊಟ್ಟ ಆಡಳಿತ, ಜನರು ಬಯಸಿದ ಜವಾಬ್ದಾರಿ ಸರ್ಕಾರವನ್ನು ಕೊಡಲು ಹಿಂಜರಿಯಿತು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಬಾಲ್ಯದ ಗೆಳೆಯನಿಲ್ಲದ ಅರಮನೆಯಲ್ಲಿ ಮಿರ್ಜಾ ಹೆಚ್ಚು ಕಾಲ ನಿಲ್ಲಲಿಲ್ಲ. 1941ರಲ್ಲಿ ಪದವಿ ತೊರೆದರು. 1942ರಿಂದ 1946ರವರೆಗೆ ಜೈಪುರದ ಪ್ರಧಾನಿಯಾಗಿ ಆ ನಗರದ ಸೊಬಗನ್ನು ಹೆಚ್ಚಿಸಿದರು. ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರದೇ ಹೆಸರು. ಬಳಿಕ ಹೈದರಾಬಾದಿಗೆ ಹೋದರೂ ಅಲ್ಲಿನ ಗೊಂದಲದ ರಾಜಕೀಯದಲ್ಲಿ ಒಂದು ವರ್ಷ ಪೂರೈಸುವ ಮೊದಲೇ ಹೊರಬಂದರು. 1954ರಲ್ಲಿ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಮತ್ತೆ ಅದೇ ಪ್ರಶ್ನೆ

ಮಿರ್ಜಾ ಕಟ್ಟಿದ ತೋಟವೇ ಈಗ ಹಡಗು, ಉದ್ಯಾನಗಳ ಸ್ಪರ್ಧೆಯ ನಡುವೆ ಸಿಲುಕಿದೆ. ಕೃಷ್ಣರಾಜಸಾಗರದಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ತಾಣವನ್ನು ನಿರ್ಮಿಸುವ ಮಾತು 2018ರಲ್ಲಿ ಕೇಳಿಬಂದಿತು. 2024ರಲ್ಲಿ ರಾಜ್ಯ ಸಚಿವ ಸಂಪುಟವು ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ, ಸುಮಾರು 2,663 ಕೋಟಿ ರೂಪಾಯಿ ಅಂದಾಜಿನ ಯೋಜನೆಗೆ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಸುರಕ್ಷತೆಗೆ ಧಕ್ಕೆ ಬರುತ್ತದೆಂದು ಮಂಡ್ಯ ಭಾಗದ ರೈತ ಸಂಘಟನೆಗಳು 2025ರಲ್ಲಿ ಬೀದಿಗಿಳಿದವು. ತೊಂಬತ್ತು ವರ್ಷಗಳ ಹಿಂದಿನ ಟೀಕೆಯೇ ಹೊಸ ರೂಪದಲ್ಲಿ ಎದ್ದುಬಂದಂತಿದೆ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಅಂದು ತೋಟಕ್ಕೆ ಹಣ ಹೂಡಿದ್ದು ಸರ್ಕಾರ. ಖಾಸಗಿಯವರು ಹಣ ಹೂಡುವಲ್ಲಿ ಟಿಕೆಟ್ಟಿನ ದರ ಹೂಡಿಕೆಯ ಬೆನ್ನು ಹತ್ತುವುದು ಸಹಜ.

ರಜೆಯ ಪ್ರವಾಸ ನಿರ್ಧರಿಸುವ ಸಂಸಾರಕ್ಕೆ ಮಿರ್ಜಾ ಅವರ ಬದುಕಿನಿಂದ ದೊರೆಯುವ ಅಳತೆಗೋಲು ಇದೇ. ಹಡಗಿನ ಸೊಗಸು ದೊಡ್ಡದೋ, ಉದ್ಯಾನದ ಸೊಗಸು ದೊಡ್ಡದೋ ಎಂಬುದು ಎರಡನೆಯ ಮಾತು. ಮಂಡಿನೋವಿನ ಅಜ್ಜಿಯೂ ತೊಡೆಯ ಮೇಲಿನ ಕೂಸೂ ಜೊತೆಗೆ ಬರಬಲ್ಲರೇ, ಹಿಂದಿರುಗಿದ ಮೇಲೆ ಸಾಲದ ಕಂತು ಬೆನ್ನು ಹತ್ತದೇ ಎಂಬುದು ಮೊದಲ ಮಾತು. ಸಮುದ್ರ ನೋಡಿ ಬಂದ ದಿವಾನರು ತಮ್ಮ ಜನರಿಗೆ ಕಟ್ಟಿದ್ದು ನಡೆದು ಸುತ್ತಬಹುದಾದ, ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಬಹುದಾದ ತೋಟವನ್ನು.

ಮುಂಗಾರು ಕೊಡಗಿನಲ್ಲಿ ಹಿಡಿಯಿತೆಂದರೆ ಕೊಣನೂರಿನ ಹೊಳೆ ಕೆಂಪಾಗುತ್ತದೆ. ತೂಗುಸೇತುವೆಯ ಮೇಲೆ ನಿಂತು ನೆರೆ ನೋಡುವುದು ಇಲ್ಲಿನ ಮಕ್ಕಳಿಗೆ ಪುಕ್ಕಟೆ ದೊರೆಯುವ ಮನರಂಜನೆ. ಆ ನೀರು ಕನ್ನಂಬಾಡಿ ಸೇರಿ, ಕಟ್ಟೆ 124.80 ಅಡಿಗೆ ತುಂಬಿದಾಗ ಕೆಳಗಿನ ತೋಟ ನೋಡಲು ರಾಜ್ಯದ ಮೂಲೆಮೂಲೆಯಿಂದ ಸಂಸಾರಗಳು ಬಂದಿಳಿಯುತ್ತವೆ.