ದಾನವೀರ ಮಾಣಿಕಚಂದ್ರ ಶ್ರೇಷ್ಠಿಗಳೂ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳೂ

ಮೂಡುಬಿದಿರೆಯ ಗುರು ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಇರುವುದು ನಮ್ಮ ಶ್ರಾವಕ ಬಂಧುಗಳೆಲ್ಲರಿಗೂ ತಿಳಿದ ವಿಷಯ. ಅಲ್ಲಿ ರತ್ನಬಿಂಬಗಳ ದರ್ಶನ ಮಾಡಿ ಧನ್ಯರಾದ ನಾವು, ಅದೇ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲ, ಜಯಧವಲ, ಮಹಾಧವಲ ಗ್ರಂಥಗಳಿಗೂ ಕೈಮುಗಿಯುತ್ತೇವೆ. ಆದರೆ ಕೈಮುಗಿಯುವುದಕ್ಕೆ ಮಾತ್ರ ಮೀಸಲಾಗಿದ್ದ ಆ ತಾಳೆಗರಿಗಳು ಓದುವ ಗ್ರಂಥಗಳಾದುದು ಹೇಗೆಂಬುದನ್ನು ಬಲ್ಲವರು ವಿರಳ. ಆ ಕಾರ್ಯದ ಮೊದಲ ಚಿಂತೆ ಹುಟ್ಟಿದ್ದು ಒಬ್ಬ ಮುತ್ತಿನ ವ್ಯಾಪಾರಿಯ ಮನಸ್ಸಿನಲ್ಲಿ. ಅವರೇ ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಜವೇರಿಯವರು. ನಾಡು ನುಡಿಗಳಿಂದ ನಮ್ಮವರಲ್ಲದಿದ್ದರೂ, ನಮ್ಮ ಜೈನಕಾಶಿಯ ಮಟ್ಟಿಗೆ ಅವರು ಹೊರಗಿನವರಲ್ಲ.

ಮಾಣಿಕಚಂದರು 1851ರಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಜನಿಸಿದರು. ತಂದೆ ಹೀರಾಚಂದ್ ಗುಮಾನ್‌ಜಿ. ಮನೆತನ ದೊಡ್ಡದಾದರೂ ಐಶ್ವರ್ಯ ದೊಡ್ಡದಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಸಹೋದರರೊಡನೆ ಮುಂಬಯಿ ಸೇರಿ, ಮುತ್ತು ಪೋಣಿಸುವ ಕೂಲಿ ಕೆಲಸದಿಂದ ಜೀವನವನ್ನು ಆರಂಭಿಸಿದರು. ಮುತ್ತಿನ ವ್ಯಾಪಾರದಲ್ಲಿ ಕಣ್ಣೇ ಬಂಡವಾಳ. ಬಣ್ಣ, ಹೊಳಪು, ದುಂಡುತನಗಳನ್ನು ನೋಡಿ ಬೆಲೆ ಕಟ್ಟಬೇಕು. ಕಟ್ಟಿದ ಬೆಲೆಗೆ ಮಾತು ತಪ್ಪದೆ ನಿಲ್ಲಬೇಕು. ಈ ಎರಡು ಗುಣಗಳಿಂದ 1870ರ ಸುಮಾರಿಗೆ ಸಹೋದರರು ಮಾಣಿಕಚಂದ್ ಪಾನಾಚಂದ್ ಎಂಬ ಹೆಸರಿನಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಕ್ರಮೇಣ ಅವರ ಮುತ್ತುಗಳು ಸಮುದ್ರ ದಾಟಿ ಯುರೋಪಿನ ಪೇಟೆಗಳನ್ನು ತಲಪಿದವು. ಸಂಪತ್ತು ಹರಿದು ಬಂತು.

1883ರಲ್ಲಿ ಅವರು ಯಾತ್ರಾ ಸಂಘದೊಡನೆ ಮೂಡುಬಿದಿರೆಗೆ ಬಂದರು. ರತ್ನಬಿಂಬಗಳನ್ನು ಕಂಡು ಆನಂದಪಟ್ಟರು. ಆದರೆ ರತ್ನಪರೀಕ್ಷೆಯಲ್ಲಿ ಪಳಗಿದ ಆ ಕಣ್ಣು ರತ್ನಗಳ ಮೇಲೆ ನಿಲ್ಲದೆ ಪಕ್ಕದ ತಾಳೆಗರಿಗಳ ಕಡೆಗೆ ತಿರುಗಿತೆಂಬುದೇ ಅವರ ಹಿರಿಮೆ. ಗರಿಗಳು ಜೀರ್ಣವಾಗುತ್ತಿದ್ದುದನ್ನು ಕಂಡು, ಇವುಗಳನ್ನು ಓದಬಲ್ಲವರು ಯಾರೆಂದು ಅವರು ವಿಚಾರಿಸಿದರು. ದರ್ಶನ ಪೂಜೆಗಳ ಹೊರತು ಓದುವ ರೂಢಿ ಇಲ್ಲಿ ಉಳಿದಿಲ್ಲವೆಂಬ ಉತ್ತರ ದೊರೆಯಿತು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಮೇಲಾಗಿ ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲವೆಂಬ ನಂಬಿಕೆ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮಾತ್ರ ಓದಬಲ್ಲರೆಂದು ತಿಳಿದುಬಂತು.

ನಮ್ಮ ತುಳುನಾಡಿನ ಮಳೆಗಾಲವನ್ನು ಬಲ್ಲವರಿಗೆ ಆ ಅಪಾಯವನ್ನು ವಿವರಿಸಬೇಕಾಗಿಲ್ಲ. ಬಂಟವಾಳದ ಪೇಟೆಯಲ್ಲಿ ಅಂಗಡಿಯಿಟ್ಟ ಈ ಲೇಖಕನ ಮನೆಯಲ್ಲಿ ಅಜ್ಜನ ಕಾಲದ ಲೆಕ್ಕದ ಪುಸ್ತಕಗಳು ಒಂದೂ ಉಳಿದಿಲ್ಲ; ನೆರೆಯ ನೀರಿನಿಂದ ಉಳಿದುದನ್ನು ಗೆದ್ದಲು ಮುಗಿಸಿತು. ಲೆಕ್ಕದ ಪುಸ್ತಕ ಹೋದರೆ ಒಂದು ಮನೆಯ ನಷ್ಟ. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಪೂರೈಸಿದ ಧವಲಾ ಟೀಕೆಯ ಪ್ರಾಚೀನ ಪ್ರತಿಗಳಾದರೋ ಇಡೀ ಭರತಖಂಡದಲ್ಲಿ ಉಳಿದಿದ್ದುದು ಮೂಡುಬಿದಿರೆಯೊಂದರಲ್ಲಿಯೇ.

ಮಾಣಿಕಚಂದರು ಊರಿಗೆ ಮರಳಿದೊಡನೆ ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದರಿಗೆ ಈ ಸಂಗತಿಯನ್ನು ತಿಳಿಸಿದರು. ಮರುವರ್ಷವೇ ಹೀರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡುಬಿದಿರೆಗೆ ಬಂದು, ಧವಲದ ಮಂಗಲಾಚರಣೆಯನ್ನು ಅವರ ಬಾಯಿಂದ ಕೇಳಿದರು. ಆದರೂ ಪ್ರತಿಲಿಪಿಯ ಕಾರ್ಯ ಕೂಡಲೆ ಆರಂಭವಾಗಲಿಲ್ಲ. ನಡುವೆ ಅಜ್ಮೇರಿನ ಒಬ್ಬ ಶ್ರೇಷ್ಠಿಗಳು ಪ್ರತಿ ಮಾಡಿಸಲು ಯತ್ನಿಸಿದರು. ಪ್ರತಿಯು ಊರ ಹೊರಗೆ ಹೋಗುವುದಕ್ಕೆ ಇಲ್ಲಿಯವರು ಒಪ್ಪದಿದ್ದುದರಿಂದ ಅದು ಮುನ್ನೂರು ಶ್ಲೋಕಗಳಷ್ಟಕ್ಕೇ ನಿಂತಿತು.

ಹನ್ನೆರಡು ವರ್ಷಗಳ ಬಳಿಕ ಮಾಣಿಕಚಂದ್ ಮತ್ತು ಹೀರಾಚಂದರು ಸಮಾಜದಿಂದ ಚಂದಾ ಎತ್ತಿ, ಮೂಡುಬಿದಿರೆಯ ಹಿರಿಯರನ್ನು ಒಪ್ಪಿಸಿ, 1896ರಲ್ಲಿ ಕಾರ್ಯವನ್ನು ಆರಂಭಿಸಿದರು. ಒಪ್ಪಂದ ಸರಳವಾದುದು. ಪ್ರತಿಗಳು ಮೂಡುಬಿದಿರೆಯಲ್ಲಿಯೇ ಉಳಿಯತಕ್ಕದ್ದು. ಹಣ ಕೊಟ್ಟವರು ಮುಂಬಯಿ, ಸೊಲ್ಲಾಪುರಗಳವರು. ಪ್ರತಿ ಮಾತ್ರ ಅವರಿಗಿಲ್ಲ! ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟದ ಬಾಬು. ಆದರೂ ಅವರು ಒಪ್ಪಿದರು. ಗ್ರಂಥ ಉಳಿದರೆ ಸಾಕೆಂಬುದೇ ಅವರ ಎಣಿಕೆಯಾಗಿತ್ತು.

ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ನಾಗರಿಯಲ್ಲಿ ಬರೆಯತೊಡಗಿದರು. ಸ್ವಲ್ಪ ಕಾಲದಲ್ಲಿಯೇ ಶಾಸ್ತ್ರಿಗಳು ಅಸ್ವಸ್ಥರಾಗಿ ಸ್ವರ್ಗಸ್ಥರಾದರು. ಗಜಪತಿಗಳು ಒಬ್ಬರೇ ಹದಿನಾರು ವರ್ಷ ಬರೆದರು. ನಮ್ಮವರೇ ಆದ ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮರಾಜ ಇಂದ್ರ ಇವರು ಕನ್ನಡ ಲಿಪಿಯ ಪ್ರತಿಯನ್ನು ಸಿದ್ಧಪಡಿಸಿದರು. ಮಹಾಧವಲದ ನಾಗರಿ ಪ್ರತಿ ಪಂಡಿತ ಲೋಕನಾಥ ಶಾಸ್ತ್ರಿಗಳ ಶ್ರಮದ ಫಲ.

ಇನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾದ ಸಂಗತಿಯೊಂದಿದೆ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡಿದ್ದರು. ಅದನ್ನು ಪ್ರತಿಫಲಕ್ಕೆ ಕೊಡಲು ಹೀರಾಚಂದರ ಬಳಿಗೆ ಹೋದಾಗ, ಕೊಟ್ಟ ಮಾತಿಗೆ ವಿರುದ್ಧವಾದುದೆಂದು ಅವರು ಅದನ್ನು ಸ್ವೀಕರಿಸಲಿಲ್ಲ. ಮಾಣಿಕಚಂದರಿಗೂ ಹಾಗೆಯೇ ಬರೆದರು. ಮೂವತ್ತು ವರ್ಷಗಳಿಂದ ಯಾವ ಗ್ರಂಥಕ್ಕಾಗಿ ಹಂಬಲಿಸಿದ್ದರೋ ಅದು ಬಾಗಿಲಿಗೆ ಬಂದಾಗಲೂ ಮಾಣಿಕಚಂದರು ಅದನ್ನು ಕೊಳ್ಳಲಿಲ್ಲ. ಆ ಪ್ರತಿ ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿ, ಅಲ್ಲಿಂದ ಮರುಪ್ರತಿಗಳಾಗಿ ಉತ್ತರದೇಶದಲ್ಲೆಲ್ಲ ಹರಡಿತು. ಮಾತು ಮುರಿದುದರಿಂದಲೇ ಗ್ರಂಥ ಲೋಕಕ್ಕೆ ದಕ್ಕಿತಲ್ಲವೆ ಎಂದು ಕೆಲವರು ಕೇಳುವುದುಂಟು. ಅದು ನಿಜ. ಇಲ್ಲಿಯ ಹಿರಿಯರು ಸಂಕುಚಿತರಾಗಿದ್ದರೆಂದು ದೂರುವವರೂ ಉಂಟು. ಅವರ ಹಟವಿಲ್ಲದಿದ್ದರೆ ಏಳೆಂಟು ಶತಮಾನ ಆ ಗರಿಗಳು ಉಳಿಯುತ್ತಲೇ ಇರಲಿಲ್ಲವೆಂಬುದೂ ನಿಜ. ಈ ಎರಡರ ನಡುವೆ ಯಾರದು ಸರಿಯೆಂದು ತೂಗಲು ನನ್ನ ತಕ್ಕಡಿ ಸಾಲದು. ಆದರೆ ಬೇಕಾದ ಸರಕು ಕೈಗೆ ಬಂದಾಗ ಬೇಡವೆನ್ನುವುದು ಎಷ್ಟು ಕಷ್ಟವೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ.

ಮಾಣಿಕಚಂದರ ದಾನ ಗ್ರಂಥಗಳಿಗಷ್ಟೇ ಸೀಮಿತವಾದುದಲ್ಲ. ಆ ಕಾಲದ ಶ್ರೀಮಂತರು ಬಸದಿ, ರಥೋತ್ಸವ, ಸಂತರ್ಪಣೆಗಳಿಗೆ ಧಾರಾಳವಾಗಿ ಕೊಡುತ್ತಿದ್ದರು. ಇವರಾದರೋ ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಮಲಗಲು ಸ್ಥಳವಿದೆಯೇ, ಶುದ್ಧವಾದ ಊಟವಿದೆಯೇ ಎಂದು ಕೇಳಿದರು. ಶಾಲೆಗಳನ್ನು ಸರಕಾರ ತೆರೆಯಬಹುದು. ರಾತ್ರಿ ಊಟವಿಲ್ಲದ ನಮ್ಮ ಮಕ್ಕಳಿಗೆ ಹೊತ್ತು ಮುಳುಗುವ ಮೊದಲೇ ಬಡಿಸುವವರು ಯಾರು? ಆದುದರಿಂದ ಮುಂಬಯಿ, ಅಹಮದಾಬಾದ್, ಕೊಲ್ಹಾಪುರ ಮೊದಲಾದ ಕಡೆಗಳಲ್ಲಿ ಜೈನ ಬೋರ್ಡಿಂಗುಗಳು ಅವರ ಔದಾರ್ಯದಿಂದ ತಲೆಯೆತ್ತಿದವು. ಮುಂಬಯಿಯಲ್ಲಿ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಹೀರಾಬಾಗ್ ಧರ್ಮಶಾಲೆ ಪ್ರಸಿದ್ಧವಾದುದು. ತೀರ್ಥಕ್ಷೇತ್ರಗಳ ರಕ್ಷಣೆಗಾಗಿ 1902ರಲ್ಲಿ ಸ್ಥಾಪಿತವಾದ ಭಾರತವರ್ಷೀಯ ದಿಗಂಬರ ಜೈನ ತೀರ್ಥಕ್ಷೇತ್ರ ಕಮಿಟಿಗೂ ಅವರೇ ಆಧಾರಸ್ತಂಭ. ಶಾಸ್ತ್ರಗ್ರಂಥಗಳನ್ನು ಅಚ್ಚುಹಾಕುವುದೇ ಪಾಪವೆಂದು ಸಮಾಜದ ಬಹುಮಂದಿ ವಿರೋಧಿಸುತ್ತಿದ್ದ ಕಾಲದಲ್ಲಿ ಅವರು ಮುದ್ರಿತ ಗ್ರಂಥಗಳನ್ನು ಕೊಂಡು ಹಂಚುತ್ತಿದ್ದರು.

ಅವರ ಧೈರ್ಯದ ನಿಜವಾದ ಪರೀಕ್ಷೆ ಮನೆಯೊಳಗೇ ನಡೆಯಿತು. ಮಗಳು ಮಗನಬಾಯಿ ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಗುರಿಯಾದರು. ಅಂದಿನ ರೂಢಿಯಂತೆ ಒಳಮನೆಯ ಮೂಲೆಯೇ ಅವರ ಪಾಲಿಗೆ ಉಳಿಯಬೇಕಾಗಿತ್ತು. ತಂದೆ ಅವರಿಗೆ ಶಿಕ್ಷಣ ಕೊಡಿಸಿದರು, ಶಾಸ್ತ್ರಾಭ್ಯಾಸ ಮಾಡಿಸಿದರು. ಬಂಧುವರ್ಗದ ಆಕ್ಷೇಪಗಳಿಗೆ ಕಿವಿಗೊಡಲಿಲ್ಲ. ಆ ಮಗಳೇ ಮುಂದೆ ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ಸ್ಥಾಪಿಸಿ, ತಮ್ಮಂತೆಯೇ ನಿರಾಶ್ರಿತರಾದ ಸ್ತ್ರೀಯರಿಗೆ ಅಕ್ಷರವನ್ನೂ ಜೀವನೋಪಾಯವನ್ನೂ ಕಲಿಸಿ, 1930ರಲ್ಲಿ ಸ್ವರ್ಗಸ್ಥರಾದರು. ತಂದೆಯ ಬೋರ್ಡಿಂಗುಗಳಿಗಿಂತಲೂ ಮಗಳ ಈ ಆಶ್ರಮ ದೊಡ್ಡ ಕಾರ್ಯವೆಂದೇ ನನ್ನ ಅಭಿಪ್ರಾಯ.

1914ರ ಜುಲೈ ತಿಂಗಳಲ್ಲಿ ಮಾಣಿಕಚಂದರು ದೇಹತ್ಯಾಗ ಮಾಡಿದಾಗ ಮೂಡುಬಿದಿರೆಯ ಬರವಣಿಗೆ ಇನ್ನೂ ಮುಗಿದಿರಲಿಲ್ಲ. ಅದು ಪೂರ್ಣವಾದುದು 1922ರಲ್ಲಿ, ಆರಂಭವಾದ ಇಪ್ಪತ್ತಾರು ವರ್ಷಗಳ ಬಳಿಕ. ಅವರ ಸ್ಮರಣಾರ್ಥ ಪಂಡಿತ ನಾಥೂರಾಮ ಪ್ರೇಮಿಯವರು ನಡೆಸಿದ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಅನೇಕ ಪ್ರಾಚೀನ ಗ್ರಂಥಗಳು ಅಚ್ಚಾದವು. ನಮ್ಮ ಶ್ರವಣಬೆಳಗೊಳದ ಶಾಸನಗಳ ಸಂಗ್ರಹವೂ 1928ರಲ್ಲಿ ಅದೇ ಮಾಲೆಯಲ್ಲಿ ಹೊರಬಂತು. ಅದನ್ನು ಸಂಪಾದಿಸಿದ ಡಾ. ಹೀರಾಲಾಲ್ ಜೈನರೇ ಮುಂದೆ, ಹೊರಗೆ ಹರಡಿದ್ದ ಮರುಪ್ರತಿಗಳನ್ನು ಆಧರಿಸಿ, 1939ರಲ್ಲಿ ಅಮರಾವತಿಯಿಂದ ಧವಲಾ ಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದರು. ಹದಿನಾರು ಸಂಪುಟಗಳ ಆ ಕಾರ್ಯ ಮುಗಿದುದು 1958ರಲ್ಲಿ.

ಮರುಪ್ರತಿಗಳಲ್ಲಿ ತಪ್ಪುಗಳು ಸಹಜ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುವಾಗ ಸಾಲುಗಳೇ ಜಾರಿಹೋಗಿದ್ದವು. ಮೂಲದೊಡನೆ ತಾಳೆ ನೋಡದೆ ಗತ್ಯಂತರವಿರಲಿಲ್ಲ. ಮೂಲವಿದ್ದುದು ಮೂಡುಬಿದಿರೆಯಲ್ಲಿ. ಮೊದಲ ಸಂಪುಟಗಳು ಕೈಸೇರಿದ ಮೇಲೆ, ಶ್ರೀಮಠದ ಭಟ್ಟಾರಕರೂ ಬಸದಿಯ ಆಡಳಿತದವರೂ ಹಳೆಯ ಬಿಗಿಯನ್ನು ಸಡಿಲಿಸಿದರು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರೂ ಈ ಸತ್ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಪಂಡಿತ ಲೋಕನಾಥ ಶಾಸ್ತ್ರಿ ಮೊದಲಾದ ವಿದ್ವಾಂಸರು ಸಿದ್ಧಾಂತ ಬಸದಿಯ ತಾಳೆಗರಿಗಳನ್ನು ಬಿಚ್ಚಿ, ಅಚ್ಚಿನ ಪಾಠದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ, ತಿದ್ದುಪಡಿಗಳನ್ನು ಅಮರಾವತಿಗೆ ಕಳುಹಿಸಿಕೊಟ್ಟರು.