ವೀತೊ ದುಮಾಸನೂ ಅವನ ಹಾಯಿದೋಣಿಯೂ

ಭೂಗೋಲದ ತೆಂಕಣ ಭಾಗದಲ್ಲಿ, 40ನೆಯ ಮತ್ತು 50ನೆಯ ಅಕ್ಷಾಂಶಗಳ ನಡುವೆ, ಲೋಕವನ್ನೆಲ್ಲಾ ಸುತ್ತಿಕೊಂಡಿರುವ ಸಮುದ್ರದ ಪಟ್ಟಿಯೊಂದುಂಟು. ಅಲ್ಲಿ ಪಡುವಣ ಗಾಳಿಯು ಹೆಚ್ಚುಕಡಿಮೆ ವರುಷವೆಲ್ಲಾ ಬೀಸುತ್ತಿರುವದು. ಅದನ್ನು ತಡೆಯತಕ್ಕ ನೆಲವು ಬಹು ಸ್ವಲ್ಪವೇ ಇರುವದರಿಂದ ತೆರೆಗಳು ಬೆಳೆಬೆಳೆದು ಮನೆಗಳಿಗಿಂತ ಎತ್ತರವಾಗಿ ಉರುಳಿ ಬರುವವು. ನಾವಿಕರು ಈ ಸೀಮೆಗೆ ಮೊರೆಯುವ ನಾಲ್ವತ್ತುಗಳೆಂದು ಹೆಸರಿಟ್ಟಿದ್ದಾರೆ. ನಮಗೆ ಮಳೆಗಾಲವಾಗಿರುವ ಜೂನ್ ಜುಲಾಯಿ ತಿಂಗಳುಗಳು ಅಲ್ಲಿ ಕಡು ಚಳಿಗಾಲ. ದೊಡ್ಡ ಹಡಗುಗಳವರೂ ಅಂಜುವ ಕಾಲ. ಅಂಥಾ ಕಾಲದಲ್ಲಿ 31 ಅಡಿ ಉದ್ದದ ತನ್ನ ಹಾಯಿದೋಣಿಯನ್ನು ಒಬ್ಬನೇ ಆ ದಾರಿಯಲ್ಲಿ ನಡಿಸಿದ ವೀತೊ ದುಮಾಸನ ಚರಿತ್ರೆಯನ್ನು ನಾವು ಈ ಸಾರಿ ಬರೆಯುತ್ತೇವೆ.

ದುಮಾಸನು 1900ನೆಯ ಇಸವಿ ಸಪ್ಟಂಬರ 26ರಲ್ಲಿ ದಕ್ಷಿಣ ಅಮೇರಿಕದ ಆರ್ಜೆಂಟೀನಾ ದೇಶದ ಬ್ಯೂನೊಸ್ ಐರಿಸ್ ಪಟ್ಟಣದಲ್ಲಿ ಹುಟ್ಟಿದನು. ಮನೆಯಲ್ಲಿ ಬಡತನವಿದ್ದದರಿಂದ ಎಳೆಯ ಪ್ರಾಯದಲ್ಲಿಯೇ ಶಾಲೆಯನ್ನು ಬಿಟ್ಟು ಕೆಲಸಕ್ಕೆ ಸೇರಬೇಕಾಯಿತು. ಈಜುವದರಲ್ಲಿ ಅವನು ಗಟ್ಟಿಗನು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಕಡಲನ್ನು ಈಜಿ ದಾಟಬೇಕೆಂದು 1931ರಲ್ಲಿ ಯುರೋಪಿಗೆ ಹೋದನು; ಅದು ಕೈಗೂಡಲಿಲ್ಲ. ಬರಿಗೈಯಲ್ಲಿ ಹಿಂದಿರುಗುವದು ಅವನ ಮನಸ್ಸಿಗೆ ಒಗ್ಗಲಿಲ್ಲವೆಂದು ತೋರುತ್ತದೆ. ಫ್ರಾನ್ಸಿನ ಆರ್ಕಷೋನ್ ಎಂಬಲ್ಲಿ ಒಂದು ಹಳೇ ಪಂದ್ಯದ ದೋಣಿಯನ್ನು ಕೊಂಡುಕೊಂಡು, ಅದಕ್ಕೆ ಲೇಗ್ ಎಂದು ಹೆಸರಿಟ್ಟು, ಡಿಸೆಂಬರದ ಚಳಿಯಲ್ಲಿ ಒಬ್ಬನೇ ಹೊರಟು, ಮರುವರುಷ ತನ್ನ ಊರನ್ನು ಮುಟ್ಟಿದನು.

ಬಳಿಕ ಅವನು ಮಾನುಯೆಲ್ ಕಾಂಪೊಸ್ ಎಂಬ ನಿಪುಣನಿಂದ ನಕ್ಷೆ ಮಾಡಿಸಿ, ಎರಡನೆಯ ಲೇಗ್ ಎಂಬ ದೋಣಿಯನ್ನು ಕಟ್ಟಿಸಿದನು. ಅದರ ಹಿಂತುದಿಯೂ ಮುಂತುದಿಯಂತೆ ಚೂಪಾಗಿತ್ತು. ಹಿಂದಿನಿಂದ ಬರುವ ತೆರೆಯು ಬಡಿಯದೆ ಎರಡಾಗಿ ಸೀಳಿ ಹೋಗಬೇಕೆಂಬದೇ ಇದರ ಅರ್ಥ. ನಡುವೆ ಆ ದೋಣಿಯನ್ನು ಮಾರಬೇಕಾಗಿ ಬಂತು. ಸಮುದ್ರಯಾತ್ರೆಯ ಆಶೆಯು ಬಲವಾದಾಗ ಅದನ್ನೇ ತಿರಿಗಿ ಕೊಂಡುಕೊಂಡನು.

1942ರ ಜುಲಾಯಿ 1ರಲ್ಲಿ ಅವನು ಮೊಂಟೆವಿಡಿಯೊ ರೇವಿನಿಂದ ಹೊರಟನು. ಆಗ ಎರಡನೆಯ ಮಹಾಯುದ್ಧವು ನಡೆಯುತ್ತಿತ್ತು. ಗೂಢಚಾರನೆಂದು ಹಿಡಿಯಲ್ಪಟ್ಟೇನೆಂಬ ಭಯದಿಂದ ರೇಡಿಯೊ ಯಂತ್ರವನ್ನು ಸಹ ತಕ್ಕೊಳ್ಳಲಿಲ್ಲ. ಉಡುಪು ಸಾಲದ್ದರಿಂದ ಅಂಗಿಯೊಳಗೆ ವರ್ತಮಾನ ಪತ್ರಗಳನ್ನು ಮಡಚಿಟ್ಟು ಚಳಿಯನ್ನು ತಡೆದನು. ಮೊದಲನೆಯ ಬಿರುಗಾಳಿಯಲ್ಲಿಯೇ ದೋಣಿಯೊಳಗೆ ನೀರು ಏರಿತು. ಸಾಮಾನುಗಳನ್ನೆಲ್ಲಾ ಎತ್ತಿ ಸರಿಸಿ ಹುಡುಕಲಾಗಿ ಒಂದು ಹಲಗೆಯು ಬಿರಿದದ್ದು ಕಂಡುಬಂತು. ಕ್ಯಾನ್ವಾಸಿನ ತುಂಡಿಟ್ಟು, ಮರ ಹೊಡೆದು ಅದನ್ನು ಮುಚ್ಚಿದನು. ಆ ದಿನಗಳಲ್ಲಿ ಬಲಗೈಗೆ ಆದ ಗಾಯವು ಉಪ್ಪುನೀರಿನಲ್ಲಿ ನೆನೆದು ಕೀವಾಯಿತು. ಕೈ ಊದಿತು, ಜ್ವರ ಏರಿತು. ಎಡಗೈಯಿಂದಲೇ ತನಗೆ ಸೂಜಿಮದ್ದು ಚುಚ್ಚಿಕೊಂಡರೂ ಇಳಿಯಲಿಲ್ಲ. ವೈದ್ಯನಿಲ್ಲ, ಹತ್ತಿರ ದಡವಿಲ್ಲ, ದೋಣಿಯಾದರೋ ತೆರೆಗಳ ಮೇಲೆ ಕುಣಿಯುತ್ತಿದೆ. ಮರುದಿನದೊಳಗೆ ಗುಣವಾಗದಿದ್ದರೆ ಕೊಡಲಿಯಿಂದಾಗಲಿ ಕತ್ತಿಯಿಂದಾಗಲಿ ತನ್ನ ತೋಳನ್ನು ತಾನೇ ಕಡಿದುಕೊಳ್ಳಬೇಕೆಂದು ನಿಶ್ಚಯಿಸಿದನು. ಒಂದೇ ಕೈಯಿಂದ ಹಾಯಿಯ ಹಗ್ಗಗಳನ್ನು ಎಳೆಯುವದು ಹೇಗೆಂದು ಅವನು ಯೋಚಿಸದೆ ಇದ್ದಾನೇ? ರೋಮನ್ ಕಥೋಲಿಕನಾದ ಅವನು ತನ್ನ ಸಭೆಯ ವಾಡಿಕೆಯಂತೆ ಲಿಸಿಯೋದ ತೆರೇಸಳನ್ನು ನೆನೆದು ಪ್ರಾರ್ಥಿಸಿ ಮಲಗಿದನು. ನಡುರಾತ್ರಿ ಕಳೆದು ಎಚ್ಚರವಾದಾಗ ಹಾಸಿಗೆಯು ಒದ್ದೆಯಾಗಿತ್ತು. ಹುಣ್ಣು ತಾನಾಗಿ ಒಡೆದು ಕೀವು ಹರಿದಿತ್ತು. ಕೈ ಉಳಿಯಿತು. 55 ದಿನಗಳ ಮೇಲೆ, ಆಗಸ್ಟ್ 25ರಲ್ಲಿ, ಕೇಪ್‌ಟೌನನ್ನು ಸೇರಿದನು.

ಅಲ್ಲಿಂದ ನ್ಯೂಜೀಲೆಂಡಿನ ವೆಲ್ಲಿಂಗ್ಟನಿಗೆ ಎಲ್ಲಿಯೂ ನಿಲ್ಲದೆ 104 ದಿನ. ಡಿಸೆಂಬರ 27ರಲ್ಲಿ ಮುಟ್ಟಿದನು. ಈ ದಾರಿಯಲ್ಲಿ ಅವನು ಅನುಸರಿಸಿದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಬಿರುಗಾಳಿ ಬಂದರೆ ಹಾಯಿಗಳನ್ನು ಇಳಿಸಿ, ಹಿಂದೆ ದಪ್ಪ ಹಗ್ಗಗಳನ್ನು ನೀರಿನಲ್ಲಿ ಎಳೆಯಬಿಟ್ಟು ದೋಣಿಯ ವೇಗವನ್ನು ತಗ್ಗಿಸಬೇಕೆಂದು ಅನೇಕ ನಾವಿಕರ ಮತವಾಗಿತ್ತು. ದುಮಾಸನು ಹಾಗೆ ಮಾಡಲಿಲ್ಲ. ಇಳುಕಲಿನಲ್ಲಿ ಒಂದು ಬಂಡಿಯು ತಡೆದು ತಡೆದು ಇಳಿಯುತ್ತಿರಲು ಹಿಂದಿನಿಂದ ಇನ್ನೊಂದು ಬಂಡಿಯು ಹಿಡಿತ ತಪ್ಪಿ ಉರುಳಿ ಬಂದರೆ, ಮುಂದಿನದಕ್ಕೆ ಏನಾಗುವದು? ನಿಧಾನವಾಗಿ ಹೋಗುವ ದೋಣಿಯ ಮೇಲೆ ತೆರೆಯು ಹಾಗೆಯೇ ಬಂದು ಬೀಳುವದು. ಆದದರಿಂದ ಅವನು ಹಾಯಿಯನ್ನು ಕಟ್ಟಿಕೊಂಡೇ ತೆರೆಯ ಮುಂದೆ ಓಡಿದನು. ಇದು ಎಲ್ಲಾ ದೋಣಿಗಳಿಗೂ ಒಪ್ಪುವ ಮಾತಲ್ಲ; ಅವನ ದೋಣಿಯ ಆಕಾರವೂ ಅದರ ಗುಣವನ್ನು ಅವನು ಬಲ್ಲದ್ದೂ ಇದಕ್ಕೆ ಬೇಕಾಗಿದ್ದವು.

1943ರ ಏಪ್ರಿಲಿನಲ್ಲಿ ಚಿಲಿ ದೇಶದ ವಾಲ್ಪರೈಸೊ ಪಟ್ಟಣವನ್ನು ತಲಪಿದನು. ಇನ್ನು ಹಾರ್ನ್ ಭೂಶಿರವು ಉಳಿದಿತ್ತು. 1934ರಲ್ಲಿ ನಾರ್ವೆ ದೇಶದವನೊಬ್ಬನು ಒಂಟಿಯಾಗಿ ಅದನ್ನು ಸುತ್ತಿದ್ದನು. ಆದರೆ ಸ್ವಲ್ಪ ದಿನಗಳಲ್ಲೇ ದೋಣಿಯೊಂದಿಗೆ ನಾಶವಾದನು. ದುಮಾಸನು ಅವಸರಪಡದೆ ಮೇ 30ರ ವರೆಗೆ ಕಾದು ಹೊರಟು, ಜೂನಿನ ಕೊನೆಯ ವಾರದಲ್ಲಿ, ಉದ್ದವಾದ ಚಳಿಗಾಲದ ರಾತ್ರಿಯ ಕತ್ತಲೆಯಲ್ಲಿ, ಹಾರ್ನನ್ನು ದಾಟಿದನು. ದೋಣಿಯು ಒಮ್ಮೆಲೇ ಹೊಡೆತ ತಿಂದದ್ದರಿಂದ ಕೋಣೆಯೊಳಗೆ ಮುಗ್ಗರಿಸಿ ಮೂಗನ್ನು ಮುರಿದುಕೊಂಡನು. ನಾಲ್ಕೇ ಪಯಣಗಳಲ್ಲಿ, ಸುಮಾರು 270 ದಿನ ಕಡಲಿನಲ್ಲಿದ್ದು, ಜುಲಾಯಿಯಲ್ಲಿ ಸ್ವದೇಶದ ಮಾರ್ ದೆಲ್ ಪ್ಲಾತಾ ರೇವನ್ನು ಸೇರಿದನು. ಮೂರು ಮಹಾ ಭೂಶಿರಗಳನ್ನೂ ಒಬ್ಬನೇ ದಾಟಿ ಬದುಕಿ ಬಂದವರಲ್ಲಿ ಇವನೇ ಮೊದಲಿಗನು.

ದುಮಾಸನು 1965ರ ಮಾರ್ಚ್ 28ರಲ್ಲಿ ತೀರಿಕೊಂಡನು. ಅವನ ದೋಣಿಯನ್ನು ತಿಗ್ರೆ ಎಂಬಲ್ಲಿಯ ನೌಕಾ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅವನು ಸತ್ತ ಕೆಲವು ತಿಂಗಳುಗಳ ಮೇಲೆ ಬೆರ್ನಾರ್ ಮ್ವಾತೆಸಿಯೇ ಎಂಬ ಫ್ರೆಂಚ್ ನಾವಿಕನು ಪತ್ನೀಸಮೇತನಾಗಿ ಅದೇ ತೆಂಕಣ ಸಮುದ್ರದಲ್ಲಿ ಘೋರ ಬಿರುಗಾಳಿಗೆ ಸಿಕ್ಕಿದನು. ಹಗ್ಗಗಳನ್ನು ಹಿಂದೆ ಎಳೆಯಬಿಟ್ಟಿದ್ದನು. ಆದರೂ ತೆರೆಗಳು ದೋಣಿಯ ಮೇಲೆ ಬೀಳುತ್ತಲೇ ಇದ್ದವು. ಆಗ ದುಮಾಸನು ಮಾಡಿದ್ದು ಅವನ ನೆನಪಿಗೆ ಬಂತು. ಚಾಕು ತಕ್ಕೊಂಡು ಹಗ್ಗಗಳನ್ನು ಕೊಯ್ದುಬಿಟ್ಟನು. ದೋಣಿಯು ಹಗುರಾಗಿ ಚುಕ್ಕಾಣಿಯ ಮಾತು ಕೇಳತೊಡಗಿತು. ಗಂಡಹೆಂಡರಿಬ್ಬರೂ 1966ರಲ್ಲಿ ಸ್ಪೇಯಿನಿನ ಅಲಿಕಾಂತೆ ರೇವಿಗೆ ಸುರಕ್ಷಿತವಾಗಿ ಬಂದು ಮುಟ್ಟಿದರು.