ಜಮಖಂಡಿಯಿಂದ ಹೊರಟ ಶಾಲೆ ಮಾಸ್ತರ: ವಿಠ್ಠಲ ರಾಮಜಿ ಶಿಂಧೆ

ಜಮಖಂಡಿ, ಬೀಳಗಿ ಅಂದ್ರೆ ಕಬ್ಬು, ಮುಧೋಳ ಅಂದ್ರೆ ನಾಯಿ, ರಬಕವಿ-ಬನಹಟ್ಟಿ ಅಂದ್ರೆ ಸೀರೆ. ಇಷ್ಟು ನಮಗೆಲ್ಲ ಗೊತ್ತು. ಆದರೆ ಇದೇ ನೆಲದ ವಿಠ್ಠಲ ರಾಮಜಿ ಶಿಂಧೆಯವರ ಹೆಸರನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿಯೇ ಇಲ್ಲ. ಮಹಾರಾಷ್ಟ್ರದವರು ಮಾತ್ರ ಅವರನ್ನು ಮಹರ್ಷಿ ಅಂತಾರೆ.

ಶಿಂಧೆ ಹುಟ್ಟಿದ್ದು 1873ರ ಏಪ್ರಿಲ್ 23ರಂದು, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಮನೆಯಲ್ಲಿ ಬಡತನ. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1898ರಲ್ಲಿ ಬಿ.ಎ. ಮುಗಿಸಿದರು. 1901ರಿಂದ 1903ರವರೆಗೆ ಆಕ್ಸ್‌ಫರ್ಡಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿದರು. ವಾಪಸ್ ಬಂದು ಪ್ರಾರ್ಥನಾ ಸಮಾಜದ ಕೆಲಸಕ್ಕೆ ನಿಂತರು.

1906ರ ಅಕ್ಟೋಬರ್ 18ರಂದು ಮುಂಬೈಯ ಪರೇಲ್‌ನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುವಾದದ್ದು ಹೀಗೆ. ಅದರ ಅಧ್ಯಕ್ಷರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರ್ಕರ್. ಬರೀ ಅಕ್ಷರ ಕಲಿಸಿದರೆ ಸಾಲದು, ಇರೋಕೆ ಜಾಗ, ಊಟ, ಕೈಗೊಂದು ಕೆಲಸವೂ ಬೇಕು ಅನ್ನೋದು ಶಿಂಧೆಯವರ ಲೆಕ್ಕ. ಹಾಗಾಗಿ ಹಾಸ್ಟೆಲ್ ಬಂತು, ಹೊಲಿಗೆ, ಪುಸ್ತಕ ಕಟ್ಟುವ ತರಗತಿಗಳೂ ಬಂದವು. ತಂಗಿ ಜನಾಬಾಯಿಯೂ ಜೊತೆಗೆ ದುಡಿದರು. ಹುಬ್ಬಳ್ಳಿಯಲ್ಲೂ ಶಾಖೆ ತೆರೆಯಿತು. ದುಡ್ಡು? ಊರೂರು ತಿರುಗಿ ದಾನಿಗಳನ್ನು ಕೇಳಿದ್ದು. ಇಂದೋರಿನ ಹೋಳ್ಕರರ ದೊಡ್ಡ ದೇಣಿಗೆಯಿಂದ ಪುಣೆಯ ಅಹಲ್ಯಾಶ್ರಮ ಎದ್ದಿತು.

ಅಮೆರಿಕದಲ್ಲೂ ಇಂಥದ್ದೇ ಕಥೆ ನಡೆದಿತ್ತು. 1881ರಲ್ಲಿ ಕಪ್ಪು ಜನರಿಗಾಗಿ ಟಸ್ಕೆಗೀ ಶಾಲೆ ಶುರುವಾದಾಗ ಅಲಬಾಮಾ ಸರ್ಕಾರ ಮಾಸ್ತರರ ಸಂಬಳಕ್ಕೆ ವರ್ಷಕ್ಕೆ 2,000 ಡಾಲರ್ ಕೊಟ್ಟಿತು, ಕಟ್ಟಡಕ್ಕೆ ಏನೂ ಇಲ್ಲ. ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಿಕೊಂಡರು. ಆದರೆ ಅಲ್ಲಿ ಮುಂದೆ ನಿಂತ ಬುಕರ್ ಟಿ. ವಾಷಿಂಗ್ಟನ್ ಸ್ವತಃ ಗುಲಾಮಗಿರಿಯಲ್ಲಿ ಹುಟ್ಟಿದವರು. ಶಿಂಧೆ ಅಸ್ಪೃಶ್ಯತೆ ಉಂಡವರಲ್ಲ, ಮರಾಠರು.

ಇದೇ ಮುಂದೆ ದೊಡ್ಡ ಪ್ರಶ್ನೆಯಾಯ್ತು. ನಮ್ಮ ಸಂಸ್ಥೆಯನ್ನು ನಾವೇ ನಡೆಸ್ತೀವಿ ಅಂತ ದಲಿತ ಸದಸ್ಯರು ಕೇಳತೊಡಗಿದರು. 1923ರಲ್ಲಿ ಶಿಂಧೆ ಆಡಳಿತದಿಂದ ಹಿಂದೆ ಸರಿದರು. ಅವರಿಗೆ ನೋವಾಯ್ತು, ನಿಜ. ಆದರೆ ಓದಿದವರು ಚುಕ್ಕಾಣಿ ಕೇಳೋದು ಶಾಲೆ ಫಲ ಕೊಟ್ಟ ಗುರುತು ಅಂತ ನಮಗನಿಸುತ್ತೆ.

ಅವರು ಕೈಕಟ್ಟಿ ಕೂರಲಿಲ್ಲ. 1930ರ ಕಾನೂನುಭಂಗ ಚಳವಳಿಯಲ್ಲಿ ಯರವಡಾ ಜೈಲಿಗೆ ಹೋದರು, 1933ರಲ್ಲಿ ಅಸ್ಪೃಶ್ಯತೆ ಕುರಿತ ಮರಾಠಿ ಗ್ರಂಥ ಪ್ರಕಟಿಸಿದರು. 1944ರ ಜನವರಿ 2ರಂದು ತೀರಿಕೊಂಡರು. ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದಲೇ ಇಂಜಿನಿಯರಿಂಗ್ ಓದ್ತಿರೋರು ನಮ್ಮ ನಡುವೆ ಬಹಳ ಮಂದಿ ಇದ್ದೀವಿ. ಅವರ ಹೆಸರು ನಮಗೆ ಗೊತ್ತಿರಲೇಬೇಕು.